ಅಜ್ಜ ಹಾಕಿಸಿದ ತೂತು

“ಸಮುದ್ರ ಇಲ್ಲೇ ಇದ್ಯಲ್ಲ, ಮತ್ತೆ ಮನೆಯೊಳಗೆ ಯಾಕೆ?” ಇದನ್ನು ಮೊದಲು ಕೇಳಿದವರು ನಮ್ಮ ಮನೆ ಮಾಲೀಕರು. ಆಮೇಲೆ ಗ್ಲಾಸಿನ ಅಂಗಡಿಯವರು ಕೇಳಿದರು. ಪಕ್ಕದ ಮನೆ ಅಕ್ಕ ಕೇಳಿದರು. ಕೊರಿಯರ್ ಹುಡುಗ ಡಬ್ಬ ಇಳಿಸಿ, ಮೇಲಿನ ಚೀಟಿ ಓದಿ, “ಉಪ್ಪಾ ಸರ್?” ಎಂದು ಎರಡು ಸಲ ಕೇಳಿ, ನನ್ನ ಮುಖ ನೋಡಿ ಸುಮ್ಮನಾದ. ಅವನದೇನೂ ತಪ್ಪಿಲ್ಲ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಬಾಡಿಗೆ ಮನೆಯಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ಕಿಟಕಿಯ ಸರಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ಉಪ್ಪುಗಾಳಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಂಥ ಊರಲ್ಲಿ ಕೂತು ನಾನು ಬೆಂಗಳೂರಿಂದ ಉಪ್ಪು ತರಿಸಿದೆ. ಬಕೆಟ್ಟಿನಲ್ಲಿ ಕದಡಿ, ಮೀನು ಸಾಕುವ ಗ್ಲಾಸಿನ ತೊಟ್ಟಿಗೆ ತುಂಬಿ ಸಮುದ್ರ ಮಾಡಿದೆ. ಮಗಳಿಗೋಸ್ಕರ ಅಂತ ಎಲ್ಲರಿಗೂ ಹೇಳಿದೆ. ಇದು ಆ ತೊಟ್ಟಿಯ ಎರಡನೇ ಮಳೆಗಾಲ. ಮಗಳಿಗೋಸ್ಕರ ಅನ್ನೋ ಮಾತು ಎಷ್ಟು ನಿಜ ಅಂತ ಈಗ ನನಗೇ ಅನುಮಾನ.

ಶುರುವಾದದ್ದು ನೇತ್ರಾಣಿ ದ್ವೀಪದಿಂದ. ಆಫೀಸಿನ ಗೆಳೆಯರ ಜೊತೆ ಒಂದು ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ಬೋಟಿನಲ್ಲಿ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದಿದ್ದೆ. ಬೋಟಿನಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡರು, ಅದರಲ್ಲಿ ನಾನೂ ಒಬ್ಬ. ಆದರೆ ಕೆಳಗೆ ಇಳಿದ ಮೇಲೆ ಬೇರೆಯೇ ಲೋಕ. ಬಂಡೆ, ಹವಳ, ಅದರ ಸಂದಿನಲ್ಲಿ ಹಳದಿ ಪಟ್ಟೆಯ ಮೀನುಗಳು. ಮನೆಗೆ ಬಂದು ಮಗಳಿಗೆ ಬಣ್ಣ ಹಚ್ಚಿ ಹೇಳಿದೆ. ಆಗ ಅವಳಿಗೆ ಎಂಟು ವರ್ಷ. “ನಾನು ಯಾವಾಗ?” ಎಂದಳು. ಹತ್ತು ವರ್ಷ ತುಂಬಬೇಕು, ಅದಕ್ಕಿಂತ ಚಿಕ್ಕವರನ್ನು ಡೈವಿಂಗಿಗೆ ಬಿಡಲ್ಲ ಎಂದೆ. ಬೆರಳು ಮಡಚಿ ಲೆಕ್ಕ ಹಾಕಿದಳು. “ಅಷ್ಟೊತ್ತಿಗೆ ಆ ಮೀನು ಸತ್ತುಹೋದ್ರೆ?”

ಅದಕ್ಕೆ ಉತ್ತರ ಇರಲಿಲ್ಲ. ಇನ್ನೊಂದು ವಿಷಯ ಆವತ್ತೇ ತಲೆಗೆ ಹೊಳೆಯಿತು. ಈ ಹುಡುಗಿ ಹುಟ್ಟಿದಾಗಿನಿಂದ ಕಡಲು ನೋಡುತ್ತಿದ್ದಾಳೆ, ಕಡಲ ಒಳಗೆ ಏನಿದೆ ಎಂದು ಒಂದು ದಿನವೂ ನೋಡಿಲ್ಲ. ನಮ್ಮಲ್ಲಿ ದಡದ ನೀರು ಕಲಕು. ಪಕ್ಕದಲ್ಲೇ ಕಾಳಿ ನದಿ ಬಂದು ಸೇರುವುದರಿಂದ ಮಳೆಗಾಲದಲ್ಲಂತೂ ಚಹಾದ ಬಣ್ಣ. ಮೊಣಕಾಲು ನೀರಿನಲ್ಲಿ ನಿಂತರೂ ಪಾದ ಕಾಣಲ್ಲ. ಬೇರೆ ಮಕ್ಕಳು ಬಾಂಗಡೆ, ಇಸವಾಣ ಎಂದು ಮೀನು ಗುರುತಿಸುವುದನ್ನು ಅಡುಗೆಮನೆಯಲ್ಲಾದರೂ ಕಲಿಯುತ್ತಾರೆ. ನಮ್ಮದು ಶಿರಸಿ ಕಡೆಯ ಹವ್ಯಕರ ಮನೆ. ಆ ದಾರಿಯೂ ಇಲ್ಲ.

ಉಪ್ಪಿನ ಲೆಕ್ಕ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗ್ಲಾಸಿನ ತೊಟ್ಟಿ. 190 ಲೀಟರ್ ಹಿಡಿಯುತ್ತದೆ. ನೀರು, ಕಲ್ಲು, ಮರಳು, ಗ್ಲಾಸು ಎಲ್ಲ ಸೇರಿದರೆ 300 ಕಿಲೋ ಹತ್ತಿರ. ಮನೆ ನೆಲಮಹಡಿಯಲ್ಲಿದ್ದದ್ದೇ ಪುಣ್ಯ. ಮೇಲಿನ ಮಹಡಿಯಾಗಿದ್ದರೆ ಮಾಲೀಕರು ಪ್ರಶ್ನೆ ಕೇಳಿ ಸುಮ್ಮನಾಗುತ್ತಿರಲಿಲ್ಲ.

ಕಡಲಿನಿಂದಲೇ ನೀರು ತಂದರಾಯಿತು ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಕ್ಯಾನು ಹಿಡಿದು ಟಾಗೋರ್ ಬೀಚಿಗೆ ಹೋಗಿ ತಂದೂ ನೋಡಿದೆ. ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಬೆರಳು ದಪ್ಪ ಕೆಸರು. ಉಪ್ಪಿನ ಅಳತೆಯೂ ಒಂದೇ ಥರ ಇರಲ್ಲ. ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನದಿಬಾಯಿಯ ಹತ್ತಿರ ಮಳೆ ಶುರುವಾದರೆ ಆ ಲೆಕ್ಕವೆಲ್ಲ ತಲೆಕೆಳಗು. ಮೀನು ಅದನ್ನು ತಡೆದುಕೊಂಡರೂ ಸಿಗಡಿ, ಬಸವನಹುಳು ತಡೆಯಲ್ಲ.

ಸರಿ, ಉಪ್ಪು ಕಲಸೋಣ. ಗೋಕರ್ಣದ ಬುಡದಲ್ಲೇ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿವೆ. ಅಲ್ಲಿಯ ಕಲ್ಲುಪ್ಪು ನಮ್ಮ ಜಿಲ್ಲೆಯ ಉಪ್ಪಿನಕಾಯಿಗೆ ತಲೆತಲಾಂತರದಿಂದ ಹೋಗುತ್ತಿದೆ. ಅದು ಕಡಲ ನೀರಿನದೇ ಉಪ್ಪು, ಅದನ್ನೇ ವಾಪಸ್ ನೀರಿಗೆ ಹಾಕಿದರೆ ಕಡಲಾಗಬೇಕಲ್ವಾ? ಆಗಲ್ಲ. ಗದ್ದೆಯಲ್ಲಿ ನೀರು ಆರುತ್ತಾ ಹೋದ ಹಾಗೆ ಮೊದಲು ಸುಣ್ಣ, ಜಿಪ್ಸಂ ತಳಕ್ಕೆ ಕೂರುತ್ತವೆ. ಆಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ ಎಲ್ಲ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗಿಬಿಡುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂನಷ್ಟು ಕ್ಯಾಲ್ಷಿಯಂ, 1,300 ಮಿಲಿಗ್ರಾಂ ಹತ್ತಿರ ಮೆಗ್ನೀಷಿಯಂ ಇರುತ್ತದೆ. ಸಾಣಿಕಟ್ಟಾದ ಹರಳನ್ನು ಎಷ್ಟು ಕದಡಿದರೂ ಅಷ್ಟು ಸಿಗಲ್ಲ. ಹಾಗಾಗಿ ಎಲ್ಲವನ್ನೂ ಲೆಕ್ಕ ಹಾಕಿ ಬೆರೆಸಿದ ಅಕ್ವೇರಿಯಂ ಉಪ್ಪೇ ಬೇಕು. ಕೊರಿಯರ್ ಹುಡುಗನಿಗೆ ಇಷ್ಟನ್ನೂ ಗೇಟಿನ ಹತ್ತಿರ ನಿಂತು ಹೇಳಬೇಕು ಅನಿಸಿತ್ತು. ಅವನ ಬೈಕ್ ಸ್ಟಾರ್ಟಿನಲ್ಲೇ ಇತ್ತು.

ಹವಳದ ಕಥೆ ಇನ್ನೊಂದು. ಫೋನಿನಲ್ಲಿ ಮಾತಾಡಿದ ಒಬ್ಬ ಅಂಗಡಿಯವರು “ಹಾರ್ಡ್ ಕೋರಲ್ ಬೇಕಾ ಸರ್, ಪಾರ್ಸೆಲ್ ಮಾಡಿಸ್ತೀನಿ” ಎಂದು ತರಕಾರಿ ಮಾರುವಷ್ಟು ಸಲೀಸಾಗಿ ಹೇಳಿದರು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳವನ್ನೂ ಕಡಲಕುದುರೆಯನ್ನೂ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ಹುಲಿಮರಿ ಪಾರ್ಸೆಲ್ ಮಾಡ್ತೀನಿ ಅಂದರೆ ಹೂಂ ಅನ್ನುತ್ತೇವಾ? ಕಡಲಿನಿಂದ ಕಿತ್ತು ತಂದ ಕಲ್ಲೂ ಬೇಡ ಎಂದು ನಿರ್ಧಾರ ಮಾಡಿದೆ. ಅಂಗಡಿಯಲ್ಲಿ ಸಿಗುವ, ತೂತು ತೂತಾದ ಸೆರಾಮಿಕ್ ಕಲ್ಲು ತಂದು ಪೇರಿಸಿದೆ. ಹವಳವಿಲ್ಲದ ಹವಳದ ದಿಬ್ಬ. ನೇತ್ರಾಣಿ ನೋಡಿಬಂದ ನನಗೆ ಅದು ನಾಟಕದ ಪರದೆಯ ಹಾಗೆ ಕಂಡಿತು. ಮಗಳು ಮಾತ್ರ ಸಂದಿಯೊಳಗೆ ಬೆರಳು ಹಾಕಿ, “ಇಲ್ಲಿ ಒಬ್ಬರು ಇರಬಹುದು, ಇಲ್ಲಿ ಇನ್ನೊಬ್ಬರು” ಎಂದು ಮನೆ ಹಂಚಲು ಶುರುಮಾಡಿದಳು.

ನೀರು ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡಬೇಕು. ಈ ಎರಡೂ ಕಲ್ಲಿನ ಮೇಲೆ ಬೆಳೆಯಲು ನಾಲ್ಕೈದು ವಾರ ಬೇಕು. ಅಲ್ಲಿವರೆಗೆ ಅವಕ್ಕೆ ಊಟ? ಒಂದು ಸಿಗಡಿ ಹಾಕಿ ಕೊಳೆಯಲು ಬಿಡಿ ಎನ್ನುವುದು ಹಳೇ ಉಪಾಯ. ಪಕ್ಕದ ಮನೆ ಅಕ್ಕನ ಹತ್ತಿರ ಒಂದು ಶೆಟ್ಲಿ ಕೊಡ್ತೀರಾ ಎಂದು ಕೇಳಿದೆ. “ಭಟ್ರೇ, ಒಂದಾ? ಅರ್ಧ ಕಿಲೋ ಕೊಡ್ತೆ” ಎಂದರು, ಕಣ್ಣು ಮಿಟುಕಿಸಿ. ಒಂದೇ ಶೆಟ್ಲಿ ನಮ್ಮ ಮನೆಯನ್ನು ಹತ್ತು ದಿನ ನಾರಿಸಿತು. ಹೆಂಡತಿ ದೇವರ ಕೋಣೆಯ ಬಾಗಿಲು ಹಾಕಿಯೇ ಇಟ್ಟಳು. ಮಗಳು ದಿನಾ ಸಂಜೆ ಟೆಸ್ಟ್ ಟ್ಯೂಬಿಗೆ ಹನಿ ಹಾಕಿ, ಬಣ್ಣ ಹೋಲಿಸಿ, ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಐದನೇ ವಾರ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಎರಡು ಕ್ಲೌನ್ ಮೀನು ಬಂದವು, ತೊಟ್ಟಿಯಲ್ಲೇ ಹುಟ್ಟಿದವು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು (ಸಿ.ಎಂ.ಎಫ್.ಆರ್.ಐ.) ಇವನ್ನು ಮರಿ ಮಾಡಿಸುವ ವಿಧಾನ ಕಂಡುಕೊಂಡು ವರ್ಷಗಳಾದವು. ಅದೇ ಸಂಸ್ಥೆಯ ಕೇಂದ್ರವೊಂದು ನಮ್ಮ ಕಾರವಾರದಲ್ಲೂ ಇದೆ, ಇಲ್ಲಿ ಪಂಜರದಲ್ಲಿ ಸೀಬಾಸ್, ಕೋಬಿಯಾ ಸಾಕಿ ತೋರಿಸಿದ್ದಾರೆ. ಕ್ಲೌನ್ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡು. ಜೋಡಿಯಲ್ಲಿ ಜೋರಿರುವುದು ಹೆಣ್ಣಾಗುತ್ತದೆ. ಇದನ್ನು ಆಯಿಗೆ ಫೋನಿನಲ್ಲಿ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, “ಊಟಕ್ಕೆ ಎಂತ ಹಾಕ್ತೆ?” ಎಂದು ಕೇಳಿದಳು. ಪೆಲೆಟ್ ಎಂದೆ. ಆ ಪೆಲೆಟ್ ಮೀನಿನ ಪುಡಿಯದ್ದು ಎನ್ನುವುದನ್ನು ಹೇಳಲಿಲ್ಲ.

ಪ್ಲಂಬರ್ ಬಂದ

ನಿಜವಾದ ಕೆಲಸ ಇದ್ದದ್ದು ತೊಟ್ಟಿಯ ಕೆಳಗೆ. ಇಲ್ಲಿ ಸಂಪು ಅಂದರೆ ಮನೆ ಎದುರು ಹುಗಿದ ನೀರಿನ ತೊಟ್ಟಿಯಲ್ಲ. ಸ್ಟ್ಯಾಂಡಿನೊಳಗೆ ಬಾಗಿಲ ಹಿಂದೆ ಕೂರುವ ಎರಡಡಿಯ ಇನ್ನೊಂದು ಗ್ಲಾಸಿನ ಪೆಟ್ಟಿಗೆ. ಮೇಲಿನ ತೊಟ್ಟಿಯ ಮೂಲೆಯಲ್ಲಿ ಒಂದು ಕಟ್ಟೆ. ನೀರು ಅದನ್ನು ದಾಟಿ ಒಂದೂಕಾಲು ಇಂಚಿನ ಪೈಪಿನಲ್ಲಿ ಕೆಳಗಿಳಿದು, ಸಂಪಿನಲ್ಲಿ ಸೋಸಿಕೊಂಡು, ಪಂಪಿನ ಮೂಲಕ ಮುಕ್ಕಾಲು ಇಂಚಿನ ಪೈಪಿನಲ್ಲಿ ಮೇಲೆ ಹೋಗಬೇಕು. ಮನೆಗಳ ಬಾತ್‌ರೂಮ್ ಲೈನು ಎಳೆಯುವ ಪ್ಲಂಬರ್ ಒಬ್ಬನನ್ನು ಕರೆದೆ. ನಾನು ಬರೆದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. “ನೀರು ಎಲ್ಲಿಂದ ಬರ್ತದೆ?” “ಇಲ್ಲಿಂದ.” “ಎಲ್ಲಿಗೆ ಹೋಗ್ತದೆ?” “ಇಲ್ಲಿಗೇ.” ಅವನಿಗೆ ನಗು ತಡೆಯಲಾಗಲಿಲ್ಲ. ಬಾಲ್ ವಾಲ್ವು ಹಿತ್ತಾಳೆಯದ್ದು ಹಾಕೋಣ, ಗಟ್ಟಿ ಇರ್ತದೆ ಎಂದ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ತಾಮ್ರ ನೀರಿಗಿಳಿದರೆ ಹುಳುಹುಪ್ಪಟೆ, ಸಿಗಡಿ ಎಲ್ಲ ಸಾಯುತ್ತವೆ, ಪೂರ್ತಿ ಪಿವಿಸಿಯೇ ಬೇಕು ಎಂದೆ. ಇದಕ್ಕೂ ನಕ್ಕ, ಆದರೆ ಕೆಲಸ ಅಚ್ಚುಕಟ್ಟಾಗಿ ಮಾಡಿದ. ಟ್ಯಾಂಕ್ ನಿಪ್ಪಲ್, ಎಲ್ಬೋ, ಬೇಕಾದಾಗ ಬಿಚ್ಚಲು ಎರಡು ಯೂನಿಯನ್, ನೀರು ಹಿಂದೆ ಬರಬಾರದೆಂದು ಒಂದು ನಾನ್ ರಿಟರ್ನ್ ವಾಲ್ವು. ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದ ಪೈಪಿನ ಬಾಯನ್ನು ಮಗಳು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕೊಟ್ಟಳು. ಪೈಪು ಅಂಟಿಸುವ ಸೊಲ್ಯೂಷನ್ ವಾಸನೆ ಅವಳಿಗೆ ಇಷ್ಟವಾಯಿತು. ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಜೂನ್ ಮೊದಲ ವಾರ. ರಾತ್ರಿ ಎರಡು ಗಂಟೆ ಹೊತ್ತಿಗೆ ಗುಡುಗು, ಗಾಳಿ, ಕರೆಂಟ್ ಹೋಯಿತು. ಕಾರವಾರದಲ್ಲಿ ಇದನ್ನು ಯಾರೂ ಸುದ್ದಿ ಎಂದುಕೊಳ್ಳಲ್ಲ. ಮಗ್ಗಲು ಬದಲಿಸಿ ಮಲಗಿದೆ. ಸ್ವಲ್ಪ ಹೊತ್ತಿಗೆ ಮಗಳು ಬಂದು ಅಲುಗಾಡಿಸಿದಳು. “ಅಪ್ಪಾ, ನೆಲ ಒದ್ದೆ. ನೆಕ್ಕಿ ನೋಡಿದೆ, ಉಪ್ಪು.”

ಟಾರ್ಚ್ ಹಾಕಿದರೆ ಚಾವಡಿ ತುಂಬ ನೀರು. ಸಂಪಿನ ಅಂಚಿನಿಂದ ಇನ್ನೂ ಸುರಿಯುತ್ತಿದೆ. ನೀರು ಕಕ್ಕುವ ಪೈಪಿನ ಬಾಯಿಯನ್ನು ನಾನು ಮೇಲ್ಮೈಯಿಂದ ನಾಲ್ಕು ಇಂಚು ಕೆಳಗಿಟ್ಟಿದ್ದೆ, ನೀರು ಚೆನ್ನಾಗಿ ತಿರುಗಲಿ ಎಂದು. ಪಂಪು ನಿಂತಾಗ ಅದೇ ಪೈಪು ಹಿಂದುಮುಂದಾಗಿ ನೀರು ಎಳೆಯಲು ಶುರುಮಾಡಿತು. ತಡೆಯಬೇಕಿದ್ದ ನಾನ್ ರಿಟರ್ನ್ ವಾಲ್ವಿನ ಬಾಯಲ್ಲಿ ಮರಳಿನ ಕಾಳು ಕೂತು ಅದು ಮುಚ್ಚಿಯೇ ಇರಲಿಲ್ಲ. ನನ್ನ ತೊಟ್ಟಿಯಲ್ಲಿ ಒಂದು ಇಂಚು ಅಂದರೆ ಹತ್ತು ಲೀಟರಿಗಿಂತ ಜಾಸ್ತಿ. ನಾಲ್ಕು ಇಂಚಿಗೆ 42 ಲೀಟರ್. ಸಂಪಿನಲ್ಲಿ ಆಗಲೇ 35 ಇತ್ತು. ಸಂಪು ಹಿಡಿಯುವುದೇ 56. ಉಳಿದ ಇಪ್ಪತ್ತು ಚಿಲ್ಲರೆ ಲೀಟರ್ ನಮ್ಮ ಕಾಲ ಕೆಳಗಿತ್ತು. ಅದೇ ನೀರಿನಲ್ಲಿ ಪಂಪಿನ ಎಕ್ಸ್‌ಟೆನ್ಷನ್ ಬಾಕ್ಸ್ ಮಲಗಿತ್ತು. ಅದನ್ನು ನೋಡಿದಾಗ ಬೆನ್ನಲ್ಲಿ ಚಳಿ ಬಂತು. ಕರೆಂಟ್ ಬರುವ ಮೊದಲು ಮೇನ್ ಸ್ವಿಚ್ ಇಳಿಸಲು ಓಡಿದೆ. ಮಗಳನ್ನು ಮಂಚ ಹತ್ತಿ ಕೂರು ಎಂದು ಗದರಿದೆ. ಮರುದಿನವೇ ಪ್ಲಗ್ ಗೋಡೆಯ ಮೇಲೆ ಎದೆಯೆತ್ತರಕ್ಕೆ ಹೋಯಿತು, ಕರೆಂಟ್ ಸೋರಿದರೆ ತಾನೇ ಲೈನು ಕಡಿಯುವ ಆರ್‌ಸಿಸಿಬಿ ಸ್ವಿಚ್ಚೂ ಬಂತು. ಇದನ್ನು ಯಾರಾದರೂ ಮಾಡುವುದಿದ್ದರೆ ಮೀನಿಗಿಂತ ಮೊದಲು ಅದನ್ನು ಹಾಕಿಸಿ.

ಗಾಳಿಗೆ ದಾರಿ

ಆ ತಿಂಗಳ ಕೊನೆಗೆ ಅಪ್ಪ ಬಂದ. ತೋಟದ ಅಡಕೆಗೆ ಮೊದಲ ಸಲದ ಕೊಳೆ ಔಷಧಿ ಬೋರ್ಡೋ ಹೊಡೆಸಿ, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ ಬದಲಿಸಿ, ಚೀಲದಲ್ಲಿ ಹಲಸಿನ ಹಪ್ಪಳ ತುಂಬಿಕೊಂಡು. ಚೀಲ ಇಳಿಸಿದವನೇ ಸೀದಾ ತೊಟ್ಟಿಯ ಹತ್ತಿರ ಹೋಗಿ ಕೈ ಚಾಚಿದ. ಉಗುರಿನ ಸಂದಿನಲ್ಲಿ ಇನ್ನೂ ನೀಲಿ ಇತ್ತು. ನಾನು ಹೌಹಾರಿ ಕೈ ಹಿಡಿದೆ. ಬೋರ್ಡೋ ಅಂದರೆ ಮೈಲುತುತ್ತ, ಮೈಲುತುತ್ತ ಅಂದರೆ ತಾಮ್ರ. “ಅಡಕೆ ಉಳಿಸೋ ಮೈಲುತುತ್ತ ನಿನ್ನ ಹುಳ ಕೊಲ್ತು ಹೇಳಾತು” ಎಂದ ಅಪ್ಪ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಮೀನನ್ನು ಬಿಟ್ಟು, ಪೈಪು ನೋಡಲು ಬಗ್ಗಿದ.

ನಮ್ಮ ತೋಟಕ್ಕೂ ಮನೆಗೂ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನಲ್ಲಿ ಹಾಸಿದ ಕಪ್ಪು ಪೈಪು ಮಾತ್ರ. ನಾನು ಮಗಳಷ್ಟಿದ್ದಾಗ ನೀರು ನಿಂತರೆ ಅಪ್ಪನ ಹಿಂದೆ ಸೊಪ್ಪಿನ ಬೆಟ್ಟ ಹತ್ತುವುದು ನನ್ನ ಕೆಲಸ. ಒಂದು ದಿನ ಚೆನ್ನಾಗಿ ನೆನಪಿದೆ. ಇಂಬಳ ಕಚ್ಚಿದ ಕಾಲು, ಹೆಗಲ ಮೇಲೆ ಕತ್ತಿ, ಅಪ್ಪ ಪೈಪಿನ ಉದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಹೋಗುತ್ತಿದ್ದ. ನೀರಿದ್ದಲ್ಲಿ ಒಂದು ಸದ್ದು, ಬರಿದಿದ್ದಲ್ಲಿ ಇನ್ನೊಂದು. ಒಂದು ದಿಬ್ಬದ ಮೇಲೆ ಪೈಪು ಗೂನು ಬೆನ್ನಿನ ಹಾಗೆ ಎದ್ದಿತ್ತು. ಅಲ್ಲಿ ನಿಂತು, “ಗಾಳಿ ಕಟ್ಟಿದ್ದು” ಎಂದ. ಅಲ್ಲಿ ಮೂರು ಬಾಯಿಯ ಒಂದು ಟೀ ಜೋಡಿಸಿ, ಮೇಲೆ ಗೇಣುದ್ದದ ಪೈಪು ನಿಲ್ಲಿಸಿ, ಬಾಯಿಗೆ ಬಿರಡೆ ಹೊಡೆದಿಟ್ಟಿದ್ದ. ಬಿರಡೆ ಸಡಿಲಿಸಿದ. ಬುಸ್ಸೆಂದು ಗಾಳಿ ಬಂತು, ಆಮೇಲೆ ಎಲೆ ಚೂರು, ಆಮೇಲೆ ನೀರು. ಮನೆ ತಲುಪುವಷ್ಟರಲ್ಲಿ ಹಂಡೆ ತುಂಬುತ್ತಿತ್ತು. ನಾನು ಆಮೇಲೆ ಹಾಸ್ಟೆಲು, ಡಿಗ್ರಿ, ನೌಕರಿ ಎಂದು ಘಟ್ಟ ಇಳಿದೆ. ಫಿಸಿಕ್ಸಿನಲ್ಲಿ, ಪೈಪು ತಾನಾಗಿಯೇ ನೀರು ಎಳೆಯುವ ಸೈಫನ್ ಪಾಠಕ್ಕೆ ಪೂರ್ತಿ ಅಂಕ ಬಂದಿತ್ತು.

ಅಪ್ಪ ಪ್ರವಾಹದ ಕಥೆಯನ್ನು ಎರಡು ಮಾತಿನಲ್ಲಿ ಕೇಳಿಕೊಂಡ. “ಪೈಪಿನ ಬಾಯಿ ನೀರೊಳಗೇ ಇದ್ದು. ನೀರು ಹಿಂದೆ ಬಪ್ಪದೇಯಾ.” ವಾಲ್ವ್ ಹಾಕಿದ್ದೆ ಎಂದೆ. “ಫುಟ್‌ವಾಲ್ವ್ ನಂಬಲಾಗ ಮಾರಾಯ. ಒಂದು ಕಸ ಕೂತ್ರೆ ಮುಗತ್ತು.” ಪೈಪು ನೀರಿಗಿಳಿಯುವ ಜಾಗದಲ್ಲಿ, ಮೇಲ್ಮೈಗೆ ಸರೀ ಕೆಳಗೆ ಬೆರಳಿಟ್ಟು ತೋರಿಸಿದ, ಮುಟ್ಟದೆ. “ಇಲ್ಲಿ ಒಂದು ತೂತು ಹಾಕು. ಸಣ್ಣದು ಸಾಕು. ನೀರು ಅಷ್ಟಿಳಿದ ಕೂಡ್ಲೆ ಗಾಳಿ ಹೋಗ್ತು, ಎಳೆಯದು ನಿಲ್ತು.” ಡ್ರಿಲ್ ಹಿಡಿದವಳು ಮಗಳು, ಅವಳ ಕೈ ಮೇಲೆ ನನ್ನ ಕೈ. ಮೂರು ಮಿಲಿಮೀಟರಿನ ಬಿಟ್. ಪಂಪ್ ಹಾಕಿದಾಗ ತೂತಿನಿಂದ ಸಣ್ಣ ಪಿಚಕಾರಿಯ ಹಾಗೆ ನೀರು ಚಿಮ್ಮಿತು, ನೀರೊಳಗೇ. ಆಫ್ ಮಾಡಿದೆವು. ನೀರು ಇಳಿಯಿತು, ಇಳಿಯಿತು, ತೂತು ಹೊರಬಂತು. ಸುರ್ ಎಂದು ಒಂದು ಸದ್ದು, ಅಷ್ಟೇ. ಎಲ್ಲ ನಿಂತಿತು. ಮಗಳು ಆವತ್ತು ಪಂಪನ್ನು ಹದಿನಾಲ್ಕು ಸಲ ಆನ್ ಆಫ್ ಮಾಡಿದಳು. ಹೆಂಡತಿ ಎಣಿಸಿದ್ದು.

ಈ ತೂತಿನ ಉಪಾಯ ತೊಟ್ಟಿ ಇಡುವವರಿಗೆಲ್ಲ ಗೊತ್ತಿರುವುದೇ. ನಾನೂ ಓದಿದ್ದೆ, ವಾಲ್ವ್ ಇದೆಯಲ್ಲ ಎಂದು ಬಿಟ್ಟಿದ್ದೆ. ಕೆಳಗಿಳಿಯುವ ಪೈಪು ಗಂಟಲು ಕಟ್ಟಿದವರ ಹಾಗೆ ಗೊಳಗೊಳ ಎನ್ನುತ್ತಿದ್ದುದಕ್ಕೂ ಅಪ್ಪನದ್ದು ಅದೇ ಮದ್ದು. ಮೇಲೆ ಒಂದು ಟೀ, ಅದರ ಮುಚ್ಚಳಕ್ಕೆ ಗಾಳಿಗೆ ಒಂದು ಸಣ್ಣ ದಾರಿ. ಅವತ್ತು ರಾತ್ರಿ ಮೊದಲ ಸಲ ಚಾವಡಿಯಲ್ಲಿ ಮಾತು ಕೇಳಿಸುವ ಹಾಗಾಯಿತು.

ಕೆಳಗಿನದು ಅವಳದು

ಮೀನಿನ ಮೋಹ ಮಗಳಿಗೆ ಎರಡು ತಿಂಗಳು ಇತ್ತು. ಆಮೇಲೆ ನಾನೊಬ್ಬನೇ ಸೋಫಾದಲ್ಲಿ ಕೂತು ಕ್ಲೌನ್ ಜೋಡಿ ನೋಡುವುದು. ಇವಳು ಎಲ್ಲಿ ಎಂದರೆ ಸ್ಟ್ಯಾಂಡಿನ ಬಾಗಿಲು ತೆಗೆದು, ಹೊಟ್ಟೆ ಮೇಲೆ ಮಲಗಿ, ಸಂಪಿಗೆ ಟಾರ್ಚ್ ಬಿಡುತ್ತಿರುತ್ತಾಳೆ. ನೀರು ಶುದ್ಧವಾಗಲಿ ಎಂದು ಬೆಂಗಳೂರಿನ ಒಬ್ಬರಿಂದ ಒಂದು ಹಿಡಿ ಕಡಲಪಾಚಿ ತರಿಸಿ ಅಲ್ಲಿ ಬಿಟ್ಟಿದ್ದೆ. ಅದರ ಜೊತೆ ಟಿಕೆಟ್ಟಿಲ್ಲದೆ ಬಂದವು ಸಾವಿರ. ಅಕ್ಕಿಕಾಳಿಗಿಂತ ಚಿಕ್ಕ, ಬೆನ್ನು ಬಾಗಿದ, ಆಂಫಿಪಾಡ್ ಎನ್ನುವ ಸಿಗಡಿಯಂಥ ಜೀವಿಗಳು, ದಾರದಂಥ ಹುಳಗಳು, ಉಗುರಿನಷ್ಟು ಬಸವನಹುಳು. ಯಾವುದಕ್ಕೂ ಬಣ್ಣವಿಲ್ಲ. ಫೋಟೋ ತೆಗೆದರೆ ಕಸದ ಹಾಗೆ ಕಾಣುತ್ತದೆ. “ಮೇಲಿನದು ನಿಂದು, ಕೆಳಗಿಂದು ನಂದು” ಎಂದು ಅವಳೇ ಪಾಲು ಮಾಡಿಬಿಟ್ಟಳು. ಪ್ರತಿ ಭಾನುವಾರ ಕಡ್ಡಿಯಿಂದ ಅಜ್ಜನ ತೂತು ಚುಚ್ಚಿ ಪಾಚಿ ತೆಗೆಯುವುದೂ ಅವಳದೇ ಡ್ಯೂಟಿ. ಒಮ್ಮೆ ಬಸವನಹುಳು ಬಂದು ಸರಿಯಾಗಿ ಆ ತೂತಿನ ಮೇಲೆಯೇ ಕೂತಿತ್ತು. ಅವಳು ನೋಡದಿದ್ದರೆ ಇನ್ನೊಂದು ಪ್ರವಾಹ.

ಏಪ್ರಿಲಿನಲ್ಲಿ ನೀರು 31 ಡಿಗ್ರಿ ಮುಟ್ಟಿತು. ಮೇಲಿನಿಂದ ಫ್ಯಾನು ಬಿಟ್ಟರೆ ಆವಿಯಾಗಿ ತಣ್ಣಗಾಗುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಒಣ ಊರಿನವರಿಗೆ ಅದು ಸರಿ. ಒಗೆದ ಬನಿಯನ್ ಎರಡು ದಿನಕ್ಕೂ ಒಣಗದ ನಮ್ಮ ಕರಾವಳಿಯ ಗಾಳಿಯಲ್ಲಿ ಆವಿ ಹೋಗುವುದಾದರೂ ಎಲ್ಲಿಗೆ? ಒಂದು ಡಿಗ್ರಿ ಇಳಿಯಿತು, ಅಷ್ಟೇ. ಕೊನೆಗೆ ಚಿಲ್ಲರ್ ಕೊಂಡೆ. ಬೆಲೆ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ.

ಬರುವ ಅಕ್ಟೋಬರಿಗೆ ಅವಳಿಗೆ ಹತ್ತು ತುಂಬುತ್ತದೆ. ಮಳೆಗಾಲ ಮುಗಿದು ನೇತ್ರಾಣಿಯ ಬೋಟುಗಳೂ ಆಗಲೇ ಶುರುವಾಗುವುದು. ಮೊನ್ನೆ ನೆನಪಿಸಿದೆ. “ಹೋಗೋಣ” ಎಂದಳು, ಟಾರ್ಚಿನಿಂದ ಕಣ್ಣು ತೆಗೆಯದೆ. “ಅದಕ್ಕೂ ಮೊದಲು ಅಜ್ಜನ ಅಬ್ಬಿಗೆ ಹೋಗ್ಬೇಕು. ಗಾಳಿ ಬಿಡೋ ಟೀ ಇದ್ಯಲ್ಲ, ಅದು ನೋಡ್ಬೇಕು.”

ಕಳೆದ ವಾರ ಮತ್ತೆ ಅಂಥದೇ ಮಳೆ, ಅಂಥದೇ ಹೊತ್ತಿನಲ್ಲಿ ಕರೆಂಟ್ ಹೋಯಿತು. ನಾನು ಎದ್ದು ಬರುವಷ್ಟರಲ್ಲಿ ಅವಳು ಬ್ಯಾಟರಿಯ ಏರ್ ಪಂಪ್ ಹಾಕಿ, ಸ್ಕೆಚ್ ಪೆನ್ನಿನಿಂದ ಗ್ಲಾಸಿನ ಮೇಲೆ ಗೆರೆ ಎಳೆಯುತ್ತಿದ್ದಳು. ಬೆಳಿಗ್ಗೆ ಅಜ್ಜನಿಗೆ ಫೋನು. ಅಲ್ಲೂ ಕರೆಂಟಿಲ್ಲ, ಲೈನು ತುಂಡು ತುಂಡು.

“ಎಷ್ಟು ಇಳತ್ತು ಕೂಸೆ?”

“ಮುಕ್ಕಾಲು ಇಂಚು.”

“ಮೊದ್ಲು ಅರ್ಧ ಇತ್ತಲೆ. ತೂತು ನೋಡು,” ಎಂದ ಅಪ್ಪ. ಅವಳು ಆಗಲೇ ಕಡ್ಡಿ ಹುಡುಕಲು ಅಡುಗೆಮನೆಗೆ ಹೋಗಿದ್ದಳು.